ಎರಡನೆಯ ಗುಂಡು

ಮಗಳ ಶೂಟಿಂಗ್ ಅಭ್ಯಾಸಕ್ಕೆಂದು ಹಳೆಯ ಪಾಯಿಂಟ್ ಟೂ ಟೂ ರೈಫಲ್ಲೊಂದನ್ನು ಕೊಳ್ಳಲು ಶ್ರೀಕಂಠ ಮೈಸೂರಿನಿಂದ ಕೊಡಗಿನ ಆ ಮನೆಗೆ ಬಂದಿದ್ದ. ಕೈಯಲ್ಲಿದ್ದದ್ದು ಒಂದೂವರೆ ಲಕ್ಷ ಮಾತ್ರ. ಮಾರುವಾಕೆ ಹಿಂದಿನ ವಾರ ಫೋನಿನಲ್ಲಿ ಎರಡು ಲಕ್ಷಕ್ಕಿಂತ ಒಂದು ರೂಪಾಯಿಯೂ ಇಳಿಸುವುದಿಲ್ಲ ಎಂದಿದ್ದಳು.

ಬಾಗಿಲು ತೆರೆದವನು ಆಕೆಯ ಗಂಡ ಉತ್ತಯ್ಯ. ರೈಫಲ್ ತಂದು ಜಗಲಿಯ ಮೇಲಿಟ್ಟ. ಕೆನ್ನೆ ಒತ್ತುವ ಕಡೆ ಮರ ಸವೆದು ನುಣುಪಾಗಿತ್ತು.

“ನನ್ನ ಹತ್ರ ಒಂದೂವರೆನೇ ಇರೋದು,” ಎಂದ ಶ್ರೀಕಂಠ ಅಳುಕುತ್ತ. “ಮೇಡಂ ಒಪ್ಪಲ್ಲ ಅಂದಿದ್ರು.”

“ಇವತ್ತು ಅವಳೇನೂ ಅನ್ನಲ್ಲ. ಅಷ್ಟೇ ಕೊಡಿ.”

ಗಂಡ ಹೆಂಡತಿಗೆ ಜಗಳವಾಗಿರಬೇಕು. ಆಕೆ ಹೊರಗೆ ಬರುವ ಮೊದಲೇ ವ್ಯಾಪಾರ ಮುಗಿಸಿಬಿಡಬೇಕು ಎಂದುಕೊಂಡ ಶ್ರೀಕಂಠ.

“ನೋಡಿ ತಗೊಳ್ಳಿ. ಎರಡು ಗುಂಡು ಹೊಡೀರಿ,” ಎಂದು ಉತ್ತಯ್ಯ ತೋಟಾ ಕೊಟ್ಟ.

ಅಂಗಳದಾಚೆಯ ಮಣ್ಣಿನ ದಿಬ್ಬಕ್ಕಂಟಿದ್ದ ಒಣ ಎಲೆಗೆ ಶ್ರೀಕಂಠ ಒಂದು ಗುಂಡು ಹೊಡೆದ. ಗುರಿ ಕೂದಲೆಳೆಯಷ್ಟೂ ತಪ್ಪಲಿಲ್ಲ.

“ಸಾಕು ಸರ್. ಸುಮ್ನೆ ಯಾಕೆ ದಂಡ?”

“ಇನ್ನೊಂದು ಹೊಡೀರಿ.”

ಹೊಡೆದ. ಸದ್ದು ಗದ್ದೆ ದಾಟಿ ಆಚೆಯ ಮನೆಗಳವರೆಗೂ ಹೋಯಿತು.

ಶ್ರೀಕಂಠ ಹಣ ಎಣಿಸಿ ಮುಗಿಸುವಷ್ಟರಲ್ಲಿ ನೆರೆಮನೆಯಾತ ಗದ್ದೆಯ ಬದುವಿನ ಮೇಲೆ ಬರಿಗಾಲಲ್ಲಿ ಓಡಿಬಂದ.

“ಎರಡು ಗುಂಡು ಕೇಳಿಸ್ತಲ್ಲ ಉತ್ತಯ್ಯ. ಯಾರು ತೀರ್ಕೊಂಡ್ರು?”

ಉತ್ತಯ್ಯ ಒಳಕೋಣೆಯ ಬಾಗಿಲು ತೆರೆದ. “ಬೆಳಗ್ಗೆನೇ ಹೋದಳು. ಎರಡು ಗುಂಡು ಹೊಡೆದು ಊರಿಗೆ ಸಾವು ತಿಳಿಸೋಕೆ ನನ್ನ ಕೈ ಏಳಲಿಲ್ಲ.”