ಕಾಯಿಯ ಸದ್ದು

"ಹೊರಗಿನ ಡಬ್ಬಿ ಬಿಡ್ರಿ. ಒಳಗ ಏನೈತಿ ಅದನ್ನ ಹೇಳ್ರಿ" ಎಂದರು ಅನ್ನದಾನಮ್ಮ, ಗಾದಿಯ ಮೇಲಿಟ್ಟಿದ್ದ ಎರಡು ಫೋನುಗಳನ್ನು ತಿರುಗಿಸಿ ಮುರುಗಿಸಿ ನೋಡುತ್ತಾ.

"ಆಪರೇಟಿಂಗ್ ಸಿಸ್ಟಂ ರೀ ಅಮ್ಮಾರ. ಫೋನಿನ ಬುದ್ಧಿ ಅಂದ್ರ ಅದ" ಎಂದಳು ಅಮೃತಾ.

"ಎರಡಕ್ಕೂ ಬ್ಯಾರೆ ಬ್ಯಾರೆ ಬುದ್ಧಿ ಏನು?"

"ಹ್ಞೂಂ ರೀ. ಇದರಾಗ ಬರದಿದ್ದು ಅದರಾಗ ನೆಟ್ಟಗ ತೆರಿಯಂಗಿಲ್ಲ. ಅದಕ್ಕ ನಿಮ್ಮ ಮಂದಿಗೆಲ್ಲಾ ಒಂದ ಥರದ್ದು ಕೊಡಬೇಕು."

ಕೊಟ್ಟೂರಿನ ಅನ್ನದಾನಮ್ಮನವರ ಎಣ್ಣೆ ಮಿಲ್ಲಿಗೆ ಕೂಡ್ಲಿಗಿ, ಇಟ್ಟಿಗಿ, ಕಾನಹೊಸಹಳ್ಳಿ ಕಡೆಯೆಲ್ಲ ಶೇಂಗಾ ಹಿಡಿಯುವ ಹನ್ನೆರಡು ಖರೀದಿದಾರರಿದ್ದರು. ಹನ್ನೆರಡು ಫೋನು, ಒಂದೇ ಆರ್ಡರು. ಫೋನಿಗೆ ಮೇಲ್ ಬರುವುದೇ ದೊಡ್ಡ ಸುದ್ದಿಯಾಗಿದ್ದ ಕಾಲ ಅದು. ಹೊಸಪೇಟೆಯಿಂದ ಫೋನು ಮಾರುವ ಎರಡು ಕಂಪನಿಯ ಇಬ್ಬರು, ಅಮೃತಾ ಮತ್ತು ಹಂಪೇಶ, ಒಂದೇ ಬಸ್ಸಿನಲ್ಲಿ ಮುಖ ತಿರುಗಿಸಿಕೊಂಡು ಕೂತು ಬಂದಿದ್ದರು. ಹಂಪೇಶನದು ಗುಂಡಿಗಳ ಫೋನು, ಮೇಲ್ ಬಂದ ತಕ್ಷಣ ತಾನೇ ಕೂಗಿ ಹೇಳುತ್ತದೆ. ಅಮೃತಾಳದು ಕಡ್ಡಿಯಿಂದ ಒತ್ತುವ ಫೋನು, ಆಫೀಸಿನ ಕಂಪ್ಯೂಟರಿನ ಪಟ್ಟಿಗಳನ್ನು ಇದ್ದ ಹಾಗೇ ತೆರೆದು ತೋರಿಸುತ್ತದೆ. ಹಂಪೇಶ ಈ ಧಂದೆಯಲ್ಲಿ ಪಳಗಿದವನು. ಅಮೃತಾಳಿಗೆ ಶುಕ್ರವಾರಕ್ಕೆ ಆರು ತಿಂಗಳು ತುಂಬುತ್ತಿತ್ತು; ಆರ್ಡರು ಸಿಕ್ಕರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ.

ಅನ್ನದಾನಮ್ಮ ಒಂದು ಶೇಂಗಾ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಣಗಿದ್ದರೆ ಒಳಗಿನ ಬೀಜ ಗಲಗಲ ಅನ್ನುತ್ತದೆ, ಹಸಿಯಿದ್ದರೆ ಪಿಟಕ್ಕೆನ್ನುವುದಿಲ್ಲ. ಇಪ್ಪತ್ತೆರಡು ವರ್ಷ ಅವರು ಮಾಲು ಹಿಡಿದದ್ದು ಈ ಸದ್ದನ್ನು ನಂಬಿಯೇ. ಈಗ ಮೊಣಕಾಲು ಕೈಕೊಟ್ಟು ಅಂಗಳಕ್ಕೆ ಇಳಿಯುವುದು ನಿಂತಿತ್ತು. ಖರೀದಿಯವರು ಟವೆಲಿನ ತುದಿಗೆ ಹಿಡಿ ಕಾಯಿ ಗಂಟು ಕಟ್ಟಿಕೊಂಡು ಬಂದು ಮಾದರಿ ತೋರಿಸುತ್ತಿದ್ದರು. ಮಾದರಿಯೆಲ್ಲ ಗಲಗಲ ಅಂದಿದ್ದರೂ ಹೋದ ವರ್ಷ ಗೋದಾಮಿನಲ್ಲಿ ಎಪ್ಪತ್ತು ಚೀಲ ಬೂಷ್ಟು ಹಿಡಿದದ್ದು ಹೇಗೆಂದು ಅವರಿಗೆ ಇನ್ನೂ ಬಗೆಹರಿದಿರಲಿಲ್ಲ.

"ಮಾದರಿ ಬಸ್ ಹತ್ತಿ ಬರೂದ್ರಾಗ ಒಳ್ಳೆ ಮಾಲು ಮಂದಿ ಪಾಲಾಗಿರ್ತೈತಿ. ಊರಾಗ ಕಾಯಿ ಅಲ್ಲಾಡಿಸಿದ್ರ ನನಗ ಇಲ್ಲಿ ಕೇಳಬೇಕು. ಯಾವುದು ಕೇಳಿಸ್ತೈತೋ ಅದನ್ನ ತಗಂತೀನಿ" ಎಂದರು.

ಅಮೃತಾಳಿಗೆ ಕಂಪನಿಯವರು ಬಾಯಿಪಾಠ ಮಾಡಿಸಿದ್ದರಲ್ಲಿ ಇಂಥದೊಂದು ಪ್ರಶ್ನೆಯೇ ಇರಲಿಲ್ಲ. ಆ ಹೊತ್ತಿಗೆ ಕಾನಹೊಸಹಳ್ಳಿಯ ಹಳೆಯ ಖರೀದಿದಾರ ಸುಂಕಪ್ಪ ಇಪ್ಪತ್ತು ಚೀಲ ಇಳಿಸಿ, ಗಂಟು ಬಿಚ್ಚಿ ಮಾದರಿ ತೋರಿಸಿ ನಿಂತಿದ್ದ. ಅವನನ್ನೇ ಫೋನು ಕೊಟ್ಟು ಅಂಗಳಕ್ಕೆ ಕಳಿಸಿದರು. ಮೊದಲು ಹಂಪೇಶನ ಫೋನಿನಿಂದ ಕರೆ ಬಂತು. ಸುಂಕಪ್ಪನ ಮಾತು ಪಕ್ಕದಲ್ಲೇ ನಿಂತ ಹಾಗೆ ಕೇಳಿತು, ಕಾಯಿಯ ಸದ್ದು ಮಾತ್ರ ಇಲ್ಲ.

"ಗದ್ದಲ ಎಲ್ಲಾ ಸೋಸಿ ಮಾತಷ್ಟ ಕಳಸ್ತೈತ್ರಿ ಮೇಡಂ" ಎಂದು ಹಂಪೇಶ ಬೀಗಿದ.

"ಕಾಯಿ ಮಾತಾಡಿದ್ದು ನಿನ್ನ ಫೋನಿಗೆ ಗದ್ದಲ ಏನಪಾ?"

ಅಮೃತಾಳ ಜೀವ ಹಿಗ್ಗಿತು. ಹಿಗ್ಗಿದ್ದೇ ಬಂತು, ಅವಳ ಫೋನೂ ಅದೇ ರಾಗ. ಅನ್ನದಾನಮ್ಮ ಎರಡನ್ನೂ ಅವರವರ ಕಡೆ ಸರಿಸಿದರು. ಹಂಪೇಶ ಬ್ಯಾಗಿನ ಜಿಪ್ ಎಳೆದ.

ಕೆಲಸ ಹೋದದ್ದು ಹೋಯಿತು, ಈ ಹೆಂಗಸು ಕೇಳುವುದಾದರೂ ಏನನ್ನು ಎಂಬ ಕುತೂಹಲ ಅಮೃತಾಳನ್ನು ಬಿಡಲಿಲ್ಲ. ಅಂಗಳಕ್ಕೆ ಹೋಗಿ ಸುಂಕಪ್ಪನ ಗಂಟಿನಿಂದ ಒಂದು ಕಾಯಿ ಇಸಿದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದಳು. ಗಲಗಲ! ಅವಳಿಗೆ ನಗು ಬಂತು. ಫೋನಿನೊಳಗೆ ರೆಕಾರ್ಡ್ ಮಾಡುವ ಸೌಲಭ್ಯವಿದ್ದದ್ದು ಆಗ ನೆನಪಾಯಿತು. ತನ್ನ ಗಿಣಿಪಾಠವನ್ನು ಅದರಲ್ಲಿ ಹಿಡಿದು ಕೇಳಿದ್ದಾಗ ಬಾಡಿಗೆ ಕೋಣೆಯ ಫ್ಯಾನಿನ ಕಿರಕಿರ ಕೂಡ ಬಂದಿತ್ತಲ್ಲ! ಆ ಕಾಯಿಯ ಸದ್ದು ಹಿಡಿದಳು. ಇನ್ನೊಂದಿರಲಿ ಎಂದು ಸುಂಕಪ್ಪ ಇಳಿಸಿ ಬಾಯಿ ಬಿಚ್ಚಿದ್ದ ಚೀಲದೊಳಗೆ ಮೊಣಕೈವರೆಗೆ ಕೈ ತೂರಿಸಿದಳು.

"ಮ್ಯಾಲಿನವು ತಗ ತಂಗಿ, ಸುಮ್ಮನ ಕೈ ಯಾಕ ಮಣ್ಣು ಮಾಡ್ಕಂತಿ" ಎಂದ ಸುಂಕಪ್ಪ. ಅಷ್ಟರಲ್ಲಿ ತಳದ ಕಾಯಿ ಅವಳ ಕೈಗೆ ಬಂದಾಗಿತ್ತು. ಅದನ್ನೂ ಅಲ್ಲಾಡಿಸಿ ರೆಕಾರ್ಡ್ ಮಾಡಿಕೊಂಡಳು.

ಒಳಗೆ ಬಂದು ಫೋನನ್ನು ಅನ್ನದಾನಮ್ಮನ ಕಿವಿಗೆ ಹಿಡಿದಳು. "ಊರಿಂದ ಮೇಲ್ ಮಾಡಿದ್ರೂ ಹಿಂಗ ಕೇಳ್ತೈತ್ರಿ."

ಅನ್ನದಾನಮ್ಮ ಕಣ್ಣು ಮುಚ್ಚಿ ಕೇಳಿದರು. ಮುಖ ಅರಳಿತು. ಆಮೇಲೆ ಹುಬ್ಬು ಗಂಟಿಕ್ಕಿತು. "ಇನ್ನೊಂದು ಸಲ ಹಚ್ಚು" ಎಂದರು. ಮತ್ತೆ ಕೇಳಿದರು.

"ಮೊದಲಿಂದು ಯಾವುದವ್ವ?"

"ಸುಂಕಪ್ಪಾರ ಗಂಟಿಂದು ರೀ."

"ಎರಡನೇದು?"

"ಚೀಲದ ತಳದ್ದು. ಅದು ಸರಿಯಾಗಿ ಬಂದಿಲ್ಲೇನ್ರಿ? ಇನ್ನೊಮ್ಮೆ ಹಿಡೀಲ್ಯಾ?"

"ಬ್ಯಾಡ. ಸರಿಯಾಗೇ ಬಂದೈತಿ."

ಹೊಸ್ತಿಲ ಹತ್ತಿರ ನಿಂತಿದ್ದ ಸುಂಕಪ್ಪ ಖಾಲಿ ಟವೆಲನ್ನು ಮಡಚುತ್ತಿದ್ದ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದ. ಅನ್ನದಾನಮ್ಮ ಅವನ ಕಡೆ ನೋಡಲಿಲ್ಲ.

"ನಿನ್ನ ಫೋನ ಇರ್ಲಿ. ಬರಕ" ಎಂದರು.

ಅಮೃತಾ ಖುಷಿಯಲ್ಲಿ ಆರ್ಡರ್ ಪುಸ್ತಕ ತೆಗೆದು, ದೊಡ್ಡ ಅಕ್ಷರದಲ್ಲಿ ಹನ್ನೆರಡು ಎಂದು ಬರೆದಳು.

"ಹನ್ನೆರಡಲ್ಲವ್ವ" ಎಂದರು ಅನ್ನದಾನಮ್ಮ. "ಹನ್ನೊಂದು ಸಾಕು."