ಯಾರ ಮನೆಯ ವೆಲ್ಟನ್?

"ಪುಸ್ತಕ ಮುಟ್ಬೇಡ ಎಲ್ವುಡ್. ಕೈಯೆಲ್ಲಾ ಟ್ರ್ಯಾಕ್ಟರ್ ಎಣ್ಣೆ."

"ನಮ್ಮ ಪುಸ್ತಕ ಕಣೇ. ಎಣ್ಣೆ ಹತ್ತಿದ್ರೂ ನಮ್ದೇ."

ವರ್ನಾ ಹಾಸ್ಲರ್ ಹಲ್ಲು ಕಚ್ಚಿ ತನ್ನ ಪುಸ್ತಕದ ಧೂಳು ಒರೆಸಿದಳು. ಇವತ್ತು ಜಗಳವಾಡಿ ಕೆಲಸ ಕೆಡಿಸಿಕೊಳ್ಳುವಂತಿರಲಿಲ್ಲ. ಇನ್ನೂರ ಎಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಎರಡೂ ಬೀರುಗಳ ಬೀಗ ಒಂದೇ ದಿನ ತೆರೆದಿತ್ತು.

ಪೆನ್ಸಿಲ್ವೇನಿಯಾದ ಆ ಗುಡ್ಡದ ಮೇಲಿನ ಚರ್ಚು ಒಂದೇ, ಸಭೆ ಮಾತ್ರ ಎರಡು. ಒಂದು ಭಾನುವಾರ ಲೂಥರನ್ನರದು, ಮರು ಭಾನುವಾರ ರಿಫಾರ್ಮ್ಡ್‌ನವರದು. ಬೆಂಚುಗಳು ಅವೇ, ಗಂಟೆಯೂ ಅದೇ. ಆದರೆ ಮಕ್ಕಳ ದೀಕ್ಷಾಸ್ನಾನ ಬರೆದಿಡುವ ಪುಸ್ತಕ ಬೇರೆ, ಬೀರು ಬೇರೆ. ಒಬ್ಬರ ಭಾನುವಾರ ಇನ್ನೊಬ್ಬರು ಅತ್ತ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಹಾಸ್ಲರ್‌ಗಳಲ್ಲೂ ಎರಡು ಬಗೆ. ಗುಡ್ಡದ ಈಚೆಗೆ ವರ್ನಾಳ ಲೂಥರನ್ ಹಾಸ್ಲರ್‌ಗಳು, ಆಚೆಗೆ ಎಲ್ವುಡ್‌ನ ರಿಫಾರ್ಮ್ಡ್ ಹಾಸ್ಲರ್‌ಗಳು. ಹೆಸರೊಂದೇ, ಸಂಬಂಧವಿಲ್ಲ ಎಂಬುದು ಊರಿಗೆಲ್ಲ ಗೊತ್ತು. ತಂಟೆಯೆಂದರೆ, ಇಬ್ಬರ ಮೂಲಪುರುಷನ ಹೆಸರೂ ವೆಲ್ಟನ್. 1749ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದ ಜರ್ಮನರ ಹಡಗಿನ ಪಟ್ಟಿಯಲ್ಲಿ ಇರುವವನೋ ಒಬ್ಬನೇ ವೆಲ್ಟನ್ ಹಾಸ್ಲರ್. ಚರ್ಚಿಗೆ ಜಾಗ ಕೊಟ್ಟವನೂ ಅವನೇ.

ಆ ವೆಲ್ಟನ್‌ನ ಹೆಸರಿನ ಸ್ಮಾರಕದ ಕಲ್ಲು ಚರ್ಚಿನ ಅಂಗಳದಲ್ಲಿ ಸಿದ್ಧವಾಗಿತ್ತು. ಅದರಲ್ಲಿ ಹೆಂಡತಿಯ ಹೆಸರಿಗೆ ಬಿಟ್ಟ ಜಾಗವಷ್ಟೇ ಖಾಲಿ. ವರ್ನಾಳ ಅಪ್ಪ ಸಾಯುವವರೆಗೂ "ಅವನು ನಮ್ಮ ಮೂಲಜ್ಜಿ ಅನ್ನಾ ಮಾರ್ಗರೆಟಾಳ ಗಂಡ" ಎನ್ನುತ್ತಿದ್ದ. ಅದನ್ನು ಸಾಬೀತು ಮಾಡಲು ವರ್ನಾ ಇಪ್ಪತ್ತು ವರ್ಷ ಸವೆಸಿದ್ದಳು. ಸೋತರೆ ಅಪ್ಪನ ಸಮಾಧಿಗೆ ಯಾವ ಮುಖ ಹೊತ್ತು ಹೋಗುವುದು?

"ನಿಮ್ಮ ವೆಲ್ಟನ್ ಆಮೇಲೆ ಬಂದವನು ಬಿಡು," ಎಂದಳು. "ಪಾದ್ರಿಗಳೇ ಬರೆದಿಟ್ಟಿದಾರೆ, ನಮ್ಮವನು ಒಂದು ಭಾನುವಾರಾನೂ ತಪ್ಪಿಸಿದವನಲ್ಲ ಅಂತ."

"ನಮ್ಮ ಪಾದ್ರಿಗಳೂ ಅದನ್ನೇ ಬರೆದಿದಾರೆ. ದೊಡ್ಡದಾಗಿ ಹೇಳ್ತೀಯಲ್ಲ!"

ಈಗಿನ ಪಾದ್ರಿ ಮೋಯರ್ ಕೆಮ್ಮಿದರು. "ಕಲ್ಲು ಕೆತ್ತೋನು ಹೊರಗೆ ಕಾಯ್ತಿದಾನೆ. ಏನು ತೋರಿಸ್ಬೇಕೋ ತೋರಿಸಮ್ಮ."

ವರ್ನಾ ಚೀಲದಿಂದ ಹಡಗಿನ ಪಟ್ಟಿಯ ನಕಲು ತೆಗೆದಳು. ಅಕ್ಷರ ಬಾರದ ವೆಲ್ಟನ್ ಸಹಿಯ ಜಾಗದಲ್ಲಿ ಒಂದು ಗುರುತು ಗೀಚಿದ್ದ: ಹುಲ್ಲೆತ್ತುವ ಕವೆಗೋಲು, ಮೂರು ಹಲ್ಲು, ನಡುವಿನದು ಎಡಕ್ಕೆ ಸೊಟ್ಟ. ಮಗುವಿಗೆ ದೀಕ್ಷಾಸ್ನಾನ ಮಾಡಿಸಿದ ತಂದೆ ಪುಸ್ತಕದಲ್ಲೂ ಗುರುತು ಹಾಕಬೇಕಿತ್ತು. ವರ್ನಾ ತನ್ನ ಪುಸ್ತಕ ತೆರೆದು ಬೆರಳಿಟ್ಟಳು. 1753, ಮೇ ಆರು. ತಾಯಿ ಅನ್ನಾ ಮಾರ್ಗರೆಟಾ. ಪಕ್ಕದಲ್ಲೇ ಅದೇ ಕವೆಗೋಲು, ಅದೇ ಸೊಟ್ಟ ಹಲ್ಲು.

ಗೆದ್ದಳು! ಕಣ್ಣು ತುಂಬಿಬಂತು. ಎಲ್ವುಡ್‌ನನ್ನು ಹಂಗಿಸಲು ಬಾಯಿ ತೆರೆದಳು.

ಅಷ್ಟರಲ್ಲಿ ಎಲ್ವುಡ್ ತನ್ನ ಪುಸ್ತಕ ತಿರುವಿ ಅವಳ ಮುಂದೆ ತಳ್ಳಿದ. 1753, ಮೇ ಹದಿಮೂರು. ತಾಯಿ ಮರಿಯಾ ಬಾರ್ಬರಾ. ಅಲ್ಲೂ ಕವೆಗೋಲು. ಅಲ್ಲೂ ನಡುವಿನ ಹಲ್ಲು ಎಡಕ್ಕೆ ಸೊಟ್ಟ.

ಪಾದ್ರಿ ಎರಡೂ ಪುಸ್ತಕಗಳ ಹಾಳೆ ಮಗುಚುತ್ತ ಹೋದರು. 1755, 1758, 1760. ಈಚೆಗೊಂದು ಮಗು, ಆಚೆಗೊಂದು ಮಗು, ಎಲ್ಲದರ ಪಕ್ಕದಲ್ಲೂ ಅದೇ ಕವೆಗೋಲು. ಅವರ ಕಿವಿ ಕೆಂಪಾಯಿತು.

"ವರ್ನಾ," ಎಂದ ಎಲ್ವುಡ್ ಮೆಲ್ಲಗೆ, "ನೀನು ನನಗಿಂತ ಆರು ತಿಂಗಳು ಚಿಕ್ಕವಳಲ್ವಾ? ಇನ್ಮೇಲೆ ಅಣ್ಣಾ ಅನ್ನು."

ಕಲ್ಲು ಕೆತ್ತುವವನಿಗೆ ತಾಳ್ಮೆ ಮೀರಿತ್ತು. ಕಿಟಕಿಯಲ್ಲಿ ತಲೆ ತೂರಿಸಿ ಕೂಗಿದ, "ಹೆಂಡತಿ ಹೆಸರು ಏನಂತ ಹಾಕ್ಲಿ?"

ವರ್ನಾ ಕನ್ನಡಕ ತೆಗೆದು ಕೇಳಿದಳು, "ಯಾವ ಭಾನುವಾರದ ಹೆಂಡತೀದು?"