ಇಪ್ಪತ್ತನೆಯ ಬೆನ್ನು

ಹತ್ತೊಂಬತ್ತು ಹೆಸರು ಸಲೀಸಾಗಿ ಮುಗಿದವು. ಇಪ್ಪತ್ತನೆಯದಕ್ಕೆ ಬಂದು ಕೋಚ್ ಇಗರಾಶಿಯ ಪೆನ್ನು ನಿಂತಿತು. ಬೇಸಿಗೆಯ ಬೇಸ್‌ಬಾಲ್ ಪಂದ್ಯಾವಳಿಗೆ ಶಾಲೆ ಇಪ್ಪತ್ತೇ ಹುಡುಗರನ್ನು ಇಳಿಸಬಹುದು. ಉಳಿದವರು ಗ್ಯಾಲರಿಯಲ್ಲಿ ನಿಂತು ಡೋಲು ಬಡಿಯಬೇಕು. ಕೊನೆಯ ವರ್ಷದವರಿಗಂತೂ ಆಟ ಅಲ್ಲಿಗೆ ಮುಗಿದಂತೆಯೇ.

"ಬ್ಯಾಟಿಂಗ್ ಪರವಾಗಿಲ್ಲ, ಫೀಲ್ಡಿಂಗ್ ಗಟ್ಟಿ. ಚೆಂಡು ಎಸೆಯೋ ಪಿಚರ್‌ಗಳದ್ದೇ ತಲೆನೋವು," ಎಂದ ಇಗರಾಶಿ. "ಇರೋರೇ ಇಬ್ಬರು. ಈ ಬಿಸಿಲಲ್ಲಿ ಮೂರನೇ ಮ್ಯಾಚಿಗೆ ಇಬ್ಬರ ತೋಳೂ ಬಿದ್ದುಹೋಗುತ್ತೆ. ಮೊಗಾಮಿನ ತಗೊಳ್ಳೋಣ. ಎಡಗೈ ಹುಡುಗ."

"ಅಯ್ಯೋ, ಮೊದಲನೇ ವರ್ಷದವನು ಸರ್ ಅವನು. ಎಸೆದ ಚೆಂಡು ಎಲ್ಲಿ ಹೋಗುತ್ತೆ ಅಂತ ಅವನಿಗೇ ಗೊತ್ತಿರಲ್ಲ," ಎಂದ ಸಹಾಯಕ ಕೋಚ್ ಹೊಸೋಯಾ. "ನಮಗೆ ಬೇಕಾದೋನು ತೈಚಿ. ಅವನ ಬ್ಯಾಟು ಅಷ್ಟಕ್ಕಷ್ಟೇ, ಒಪ್ತೀನಿ. ಆದ್ರೆ ಮೂರನೇ ಬೇಸ್ ಪಕ್ಕ ನಿಂತು, ಓಡಿ ಬರೋರಿಗೆ ನುಗ್ಗು, ನಿಲ್ಲು ಅಂತ ಕೂಗೋಕೆ ಅವನಂಥ ಕಣ್ಣು ಇನ್ಯಾರಿಗಿದೆ? ಹೋದ ತಿಂಗಳು ಗೆದ್ದಿದ್ದೇ ಅವನ ಕೂಗಿಂದ."

ತೈಚಿ ಇಗರಾಶಿಯ ಸ್ವಂತ ಮಗ. ಇದೇ ಅವನ ಕೊನೆಯ ಬೇಸಿಗೆ.

"ಜನ ಏನಂತಾರೆ ಹೊಸೋಯಾ? ಕೋಚ್ ಮಗನಿಗೆ ಕೊನೇ ನಂಬರ್ ಎತ್ತಿಟ್ಟಿದ್ದ ಅನ್ನಲ್ವಾ?"

"ಬೇರೆಯವರ ಮಗ ಆಗಿದ್ರೆ ಇಷ್ಟು ಹೊತ್ತಿಗೆ ಬರೆದು ಮುಗಿಸಿರ್ತಿದ್ರಿ ಸರ್."

ಇಗರಾಶಿ ಅಳೆದೂ ಸುರಿದೂ ಕೊನೆಗೆ ಮೊಗಾಮಿ ಎಂದು ಬರೆದ. ಊರ ಬಾಯಿಗೆ ಹೆದರಿದವನೂ ನೋಡುವವರಿಗೆ ನ್ಯಾಯವಂತನಂತೆಯೇ ಕಾಣುತ್ತಾನೆ. ಇದಕ್ಕಿಂತ ದೊಡ್ಡ ಮೋಸ ಇನ್ನೇನಿದೆ?

ಸಂಜೆ ಮೈದಾನದಲ್ಲಿ ಹುಡುಗರು ಸಾಲಾಗಿ ನಿಂತರು. ಹೆಸರು ಕರೆದಂತೆ ಒಬ್ಬೊಬ್ಬನೂ ಓಡಿ ಬಂದು, ತಲೆ ಬಾಗಿಸಿ, ನಂಬರ್ ಮುದ್ರಿಸಿದ ಬಿಳಿ ಬಟ್ಟೆಯ ಚೌಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. "ಇಪ್ಪತ್ತು, ಮೊಗಾಮಿ" ಎಂದಾಗ ಮೊಗಾಮಿ ಕದಲಲೇ ಇಲ್ಲ, ಹಿಂದೆ ತಿರುಗಿ ನೋಡಿದ. ಅವನ ಬೆನ್ನು ತಳ್ಳಿದ್ದು ತೈಚಿ. "ಹೋಗೋ, ನಿನ್ನನ್ನೇ ಕರೀತಿರೋದು."

ಆ ಬಟ್ಟೆಯನ್ನು ಅಂಗಿಯ ಬೆನ್ನಿಗೆ ಹೊಲಿಯುವುದು ತಾಯಂದಿರ ಕೆಲಸ. ತೈಚಿಯ ತಾಯಿ ಸನಾಯೆ ಬೆಳಿಗ್ಗೆಯೇ ಮಗನ ಅಂಗಿಗೆ ಇಸ್ತ್ರಿ ಹಾಕಿ ಗೋಡೆಗೆ ತೂಗುಹಾಕಿದ್ದಳು. ಸೂಜಿಗೆ ದಾರ ಪೋಣಿಸಿಟ್ಟು ಕಾಯುತ್ತಿದ್ದಳು. ಇಗರಾಶಿ ಮನೆಗೆ ಬಂದವನೇ ಮೇಜಿನ ಮುಂದೆ ಕುಳಿತ. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಆ ಮನೆಯಲ್ಲಿ ಆಟದ ಮಾತು ಮೊದಲಿನಿಂದಲೂ ನಿಷಿದ್ಧ. ಮಗ ತಂಡಕ್ಕೆ ಸೇರಿದ ದಿನವೇ ಇಗರಾಶಿ ಕಟ್ಟಪ್ಪಣೆ ಮಾಡಿದ್ದ: "ನೀನು ನನ್ನ ಕೈಕೆಳಗೆ ಆಡೋವರೆಗೂ ಮನೇಲೂ ನಾನು ನಿನಗೆ ಸರ್. ಅಪ್ಪ ಅಲ್ಲ." ಅಂದಿನಿಂದ ಹುಡುಗ ಅನ್ನದ ಬಟ್ಟಲು ದಾಟಿಸುವಾಗಲೂ "ತಗೊಳ್ಳಿ ಸರ್" ಎನ್ನುತ್ತಿದ್ದ. ಸನಾಯೆ ಅದನ್ನೂ ಸಹಿಸಿದ್ದಳು.

ತೈಚಿ ಬಂದ. ಚೀಲದಿಂದ ಒಂದು ಅಂಗಿ, ಒಂದು ಬಿಳಿ ಚೌಕ ತೆಗೆದು ಮೇಜಿನ ಮೇಲಿಟ್ಟ. ಇಪ್ಪತ್ತು. ಸನಾಯೆಯ ಮುಖ ಅರಳಿತು.

"ಬಂತೇನೋ!"

"ನಂದಲ್ಲಮ್ಮ, ಮೊಗಾಮಿದು. ಅವನಮ್ಮ ಸಾದೊ ದ್ವೀಪದಲ್ಲಿದ್ದಾರೆ, ಅವನು ಹಾಸ್ಟೆಲಲ್ಲಿ. ಹೊಲಿಯೋಕೆ ಯಾರೂ ಇಲ್ಲ ಅಂತ ಸಪ್ಪಗೆ ಕೂತಿದ್ದ. ನಮ್ಮಮ್ಮ ಹೊಲಿದುಕೊಡ್ತಾಳೆ ಬಿಡೋ ಅಂತ ತಂದೆ."

ಸನಾಯೆ ಗೋಡೆಯ ಮೇಲಿನ ಅಂಗಿ ನೋಡಿದಳು. ಆಮೇಲೆ ಮೊಗಾಮಿಯ ಅಂಗಿಯನ್ನೂ ಸೂಜಿಯನ್ನೂ ಗಂಡನ ಮುಂದೆ ಸರಿಸಿದಳು.

"ನನ್ನ ಕೈಲಾಗಲ್ಲ ಕಣ್ರೀ. ಕೊಟ್ಟೋರು ನೀವು, ನೀವೇ ಹೊಲೀರಿ," ಎಂದು ಅಡುಗೆಮನೆಗೆ ಹೋದಳು.

ಇಗರಾಶಿ ಸೂಜಿ ಹಿಡಿದ. ಬ್ಯಾಟು ಹಿಡಿದು ಜಡ್ಡುಗಟ್ಟಿದ ಬೆರಳುಗಳು. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ. ಮೇಜಿನ ಮೇಲೆ ಮಿಸೊ ಸಾರು ಆರಿಹೋಯಿತು, ಯಾರೂ ಮುಟ್ಟಲಿಲ್ಲ. ಮಗ ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಇಗರಾಶಿಗೆ. ಮಗ ಬೈಯಲಿಲ್ಲ. ಎದುರಿಗೆ ಬಂದು ಕುಳಿತು, ಬಟ್ಟೆಯ ಎರಡು ಮೂಲೆಗಳನ್ನು ಬಿಗಿಯಾಗಿ ಹಿಡಿದುಕೊಂಡ.

"ಸೊಟ್ಟ ಹೋಗ್ತಿದೆ, ಅಪ್ಪ," ಎಂದ ಮೆಲ್ಲಗೆ.

ಸೂಜಿ ನಿಂತಿತು. ಒಳಗೆ ಪಾತ್ರೆ ತೊಳೆಯುತ್ತಿದ್ದ ಸದ್ದೂ ನಿಂತಿತು. ಇಗರಾಶಿ ತಲೆ ಎತ್ತಲಿಲ್ಲ. ಮತ್ತೆ ನೆಟ್ಟಗೆ ಹಾಕಲೆಂದು, ಹಾಕಿದ್ದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.